ಅತ್ತೆಯ ಎಂಬತ್ತೂ ನನ್ನ ಗ್ರೈಫ್‌ನರೂ

"ಇದು ಬಣ್ಣದ ಫೋಟೋನೇ ತೆಗೆಯಲ್ವಾ?" ಎಂದು ನನ್ನ ಹೆಂಡತಿ ಉಲ್ರೀಕೆ ಕೇಳಿದಾಗ ಅವಳ ಕೈಯಲ್ಲಿ ಚಾಕು ಇತ್ತು. ಗಾಬರಿಯಾಗಬೇಡಿ. ಭಾನುವಾರದ ಬೆಳಗಿನ ಉಪಾಹಾರ, ಬೇಯಿಸಿದ ಮೊಟ್ಟೆಯ ತಲೆ ಹಾರಿಸಲು ಹಿಡಿದ ಚಾಕು. ಆದರೆ ನಾನು "ಇಲ್ಲ" ಎಂದ ಮೇಲೆ ಅವಳು ಮೊಟ್ಟೆಯನ್ನು ಬಿಟ್ಟು ನನ್ನ ತಲೆಯನ್ನೇ ದಿಟ್ಟಿಸಿದ್ದರಿಂದ ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡೆ.

ಬೆಣ್ಣೆಯ ಡಬ್ಬಿಗೂ ಜಾಮಿನ ಶೀಶೆಗೂ ನಡುವೆ, ಒಗೆದು ಮಡಿಸಿದ ಬಟ್ಟೆಯ ಮೇಲೆ, ನನ್ನ ಗ್ರೈಫ್‌ನರ್ ಕ್ಯಾಮೆರಾ ವಿರಾಜಮಾನವಾಗಿತ್ತು. ಲಾನ್ ನದಿಯ ದಡದ ನಮ್ಮ ಊರಿನಲ್ಲಿ ಗಾಜು ಅರೆದು ಮಸೂರ ಮಾಡುವುದು ಅಜ್ಜಂದಿರ ಕಾಲದಿಂದ ಬಂದ ಕಸುಬು. ಇಲ್ಲಿ ಗಂಡಸಿನ ಹತ್ತಿರ ಒಂದು ಗ್ರೈಫ್‌ನರ್ ಇಲ್ಲ ಎಂದರೆ, ಅವನಿಗೆ ಮನೆ ಇರಬಹುದು, ಮಾನ ಇರಬಹುದು, ಆದರೆ ಸಂಜೆ ಸೇಬಿನ ಮದ್ಯ ಕುಡಿಯಲು ಕೂತಾಗ ಮೇಜಿನ ಮೇಲೆ ಇಡಲು ಏನೂ ಇರುವುದಿಲ್ಲ. ನಾನು ಐವತ್ತೆಂಟು ವರ್ಷ ಖಾಲಿ ಮೇಜಿನ ಮುಂದೆ ಕೂತವನು. ನಗರಸಭೆಯಲ್ಲಿ ಮರ ಕಡಿಯಲು ಅನುಮತಿ ಕೊಡುವ (ಹೆಚ್ಚಾಗಿ ಕೊಡದಿರುವ) ಅಧಿಕಾರಿಗೆ ಗ್ರೈಫ್‌ನರ್ ಎಂಬುದು ಗಗನಕುಸುಮ.

ಆದರೆ ಚಳಿಗಾಲದಲ್ಲಿ ನಮ್ಮ ಹಳೆಯ ಕಾರು ಕೈಲಾಸವಾಸಿಯಾಯಿತು. ಹೊಸ ಕಾರಿಗೆಂದು ನಾವಿಬ್ಬರೂ ಹಣ ಕೂಡಿಟ್ಟಿದ್ದೆವು. ಕಾರಿನ ಅಂಗಡಿಗೆ ಹೋಗುವ ದಾರಿಯಲ್ಲಿ ಗ್ರೈಫ್‌ನರ್ ಮಳಿಗೆ ಬರುತ್ತದೆ. ಊರನ್ನು ಹಾಗೆ ಕಟ್ಟಿದವರು ಯಾರೋ, ತಪ್ಪು ಅವರದು. ಒಳಗೆ ಬಿಳಿ ಕೈಗವಸು ತೊಟ್ಟ ಒಬ್ಬ ಮಹನೀಯ ನನ್ನನ್ನು ಕೂರಿಸಿ, ನೊರೆಯುಕ್ಕುವ ದ್ರಾಕ್ಷಾರಸ ಕೊಟ್ಟು, ತಗ್ಗಿದ ದನಿಯಲ್ಲಿ, "ನೀವು ಕೊಳ್ಳುತ್ತಿರೋದು ಕ್ಯಾಮೆರಾ ಅಲ್ಲ ಸ್ವಾಮಿ, ನಿಮ್ಮ ನೋಟ" ಎಂದ. ನನ್ನ ಕಣ್ಣಲ್ಲಿ ನೀರು ಬಂತು. ಮುಂದಿನದು ನನಗೆ ಸರಿಯಾಗಿ ನೆನಪಿಲ್ಲ. ಮನೆಗೆ ಬಸ್ಸಿನಲ್ಲಿ ಬಂದೆ.

"ನಿನ್ನ ನೋಟ ನಿನ್ನ ಹತ್ರಾನೇ ಇತ್ತಲ್ಲ, ಅದನ್ನ ದುಡ್ಡು ಕೊಟ್ಟು ಯಾಕೆ ತಂದೆ?" ಎಂದಳು ಉಲ್ರೀಕೆ. "ಹೋಗಲಿ. ಬಣ್ಣ ಇಲ್ಲ ಅಂದ್ರೆ ಅಗ್ಗಕ್ಕೆ ಸಿಕ್ಕಿರಬೇಕು?"

"ಬಣ್ಣ ಬರೋ ಮಾದರಿ ಇದಕ್ಕಿಂತ ಅಗ್ಗ. ಬಣ್ಣ ತೆಗೆದುಹಾಕಿದ್ದಕ್ಕೇ ಇದಕ್ಕೆ ಬೆಲೆ ಜಾಸ್ತಿ."

ಚಾಕು ಕೆಳಗಿಟ್ಟಳು. ಅದು ಒಳ್ಳೆಯ ಲಕ್ಷಣವಲ್ಲ. ಕ್ಯಾಮೆರಾವನ್ನು ಎರಡು ಬೆರಳಿನಲ್ಲಿ ತಿರುಗಿಸಿ, "ಹಿಂದುಗಡೆ ಫೋಟೋ ನೋಡೋ ಪರದೆ ಎಲ್ಲಿ?" ಎಂದಳು.

"ಅದೂ ಇಲ್ಲ. ಪರದೆ ಇರೋದು ಇನ್ನೂ ಕೆಳಗಿನ ದರ್ಜೆ. ತೆಗೆದ ಫೋಟೋನ ಆಗಲೇ ಇಣುಕಿ ನೋಡೋದು ಹುಡುಗಾಟದವರ ಲಕ್ಷಣ. ಇದರಲ್ಲಿ ತೆಗೀತೀವಿ, ನಂಬ್ತೀವಿ."

"ಫೋಕಸ್ಸಾದರೂ ತಾನಾಗೇ ಆಗುತ್ತಾ?"

"ಛೆ ಛೆ!" ಎಂದೆ. ಮನೆತನದ ಬಗ್ಗೆ ಕೇಳಬಾರದ್ದನ್ನು ಕೇಳಿದಂತೆ ನನಗೆ ಮುಜುಗರವಾಯಿತು.

"ಎಕಾರ್ಟ್," ಎಂದಳು ನಿಧಾನವಾಗಿ, "ಮಾಂಸದಂಗಡಿಗೆ ಹೋಗಿ ಮಾಂಸ ಇಲ್ಲದ ಸಾಸೇಜು ಕೊಡಪ್ಪಾ ಅಂದ್ರೆ ಕಮ್ಮಿ ದುಡ್ಡು ತಗೋಬೇಕು ಅಲ್ವಾ?"

"ಈಗ ಅದಕ್ಕೂ ಜಾಸ್ತೀನೇ ತಗೋತಾರೆ."

ಗೆದ್ದೆನೆಂದುಕೊಂಡೆ. ಅಷ್ಟರಲ್ಲಿ ಅವಳ ಕಣ್ಣಿಗೆ ಕ್ಯಾಮೆರಾದ ಹಣೆಯ ಮೇಲೆ ನಾನು ಅಂಟಿಸಿದ್ದ ಕಪ್ಪು ಟೇಪು ಬಿತ್ತು. ಟೇಪಿನ ಕೆಳಗೆ ಗ್ರೈಫ್‌ನರ್ ಲಾಂಛನವಿದೆ: ರೆಕ್ಕೆ ಬಿಚ್ಚಿ ನಿಂತ, ಹದ್ದಿನ ಮುಖದ, ಚಿನ್ನದ ಬಣ್ಣದ ಸಿಂಹ. ನಮ್ಮ ಊರಿನ ನಿಜವಾದ ಗ್ರೈಫ್‌ನರ್‌ಧಾರಿಗಳು ಮನೆಗೆ ತಂದ ಮೊದಲ ದಿನವೇ ಅದನ್ನು ಮುಚ್ಚುತ್ತಾರೆ. ಮೆರೆಯುವುದು ಹೊಸ ಶ್ರೀಮಂತರ ಬುದ್ಧಿ. ಮುಚ್ಚಿದರೆ, ಬಲ್ಲವರಿಗೆ ಮಾತ್ರ ಗೊತ್ತಾಗುತ್ತದೆ. (ನಮ್ಮ ಊರಿನಲ್ಲಿ ಎಲ್ಲರೂ ಬಲ್ಲವರೇ.) ಇದನ್ನೆಲ್ಲ ವಿವರಿಸಿ ಹೇಳಿದೆ.

"ಅಂದ್ರೆ ಹೆಸರಿಗೇ ಅಷ್ಟು ದುಡ್ಡು ಕೊಟ್ಟು, ಆಮೇಲೆ ಹೆಸರು ಕಾಣದ ಹಾಗೆ ಟೇಪು ಹಚ್ಚಿದೀಯ," ಎಂದಳು. "ಪುಣ್ಯಾತ್ಮ, ಮೊಟ್ಟೆ ತಿನ್ನು, ಆರಿಹೋಗುತ್ತೆ."

ಎರಡು ವಾರ ಹೀಗೇ ಕಳೆಯಿತು. ನಮ್ಮ ಮನೆ ಇರುವುದು ಗುಡ್ಡದ ಮೇಲೆ, ಬಸ್ಸು ನಿಲ್ಲುವುದು ಗುಡ್ಡದ ಕೆಳಗೆ. ಅವಳು ಆಲೂಗಡ್ಡೆಯ ಚೀಲ, ನೀರಿನ ಬಾಟಲಿಗಳ ಪೆಟ್ಟಿಗೆ, ಎಲ್ಲವನ್ನೂ ಹೊತ್ತು ಏದುಸಿರು ಬಿಡುತ್ತ ಬರುವಾಗ ನಾನು ಕಿಟಕಿಯಲ್ಲಿ ನಿಂತು ಅವಳ ಚಿತ್ರ ತೆಗೆಯುತ್ತಿದ್ದೆ. ಇಳಿಬಿಸಿಲಿನಲ್ಲಿ ಶ್ರಮಜೀವಿ ಸ್ತ್ರೀ, ಕಪ್ಪು ಬಿಳುಪು, ಅದ್ಭುತ! ಮೂರನೆಯ ಚಿತ್ರವನ್ನು ಅವಳಿಗೆ ತೋರಿಸಿದ ಸಂಜೆ ತೀರ್ಪು ಹೊರಬಿತ್ತು.

"ಅಂಗಡಿಯವರು ಇನ್ನೂ ವಾಪಸು ತಗೋತಾರೆ, ನಾನು ಫೋನ್ ಮಾಡಿ ಕೇಳಿದೀನಿ. ಅಮ್ಮನ ಎಂಬತ್ತರ ಹುಟ್ಟುಹಬ್ಬ ಬರ್ತಿದೆ. ನೀನು ಇದರಲ್ಲಿ ಫೋಟೋ ತೆಗಿ. ಮರೈಕೆ ಅವಳ ಫೋನಿನಲ್ಲಿ ತೆಗೀಲಿ. ಅದಾದ ಮುಂದಿನ ಭಾನುವಾರ ಅಮ್ಮನ ಮನೇಲಿ ಎರಡೂ ನೋಡೋಣ. ಅಮ್ಮ ಯಾವುದು ಚೆನ್ನಾಗಿದೆ ಅಂತಾಳೋ ಅದೇ ತೀರ್ಮಾನ. ನಿಂದು ಚೆನ್ನಾಗಿದ್ರೆ ಕ್ಯಾಮೆರಾ ಮನೇಲಿರುತ್ತೆ, ನಾನು ಜನ್ಮವಿಡೀ ಬಸ್ಸಲ್ಲಿ ಓಡಾಡ್ತೀನಿ. ಇಲ್ಲಾಂದ್ರೆ ಸೋಮವಾರ ಬೆಳಗ್ಗೆ ಅದು ಅಂಗಡಿಗೆ, ನಾವು ಕಾರಿಗೆ."

ನನಗೆ ನಗು ತಡೆಯಲಾಗಲಿಲ್ಲ. ಮರೈಕೆ ನನ್ನ ಭಾವಮೈದುನ ಡೆಟ್ಲೆಫನ ಮಗಳು, ಹಲ್ಲಿನ ವೈದ್ಯರ ಹತ್ತಿರ ಸಹಾಯಕಿ. ಅವಳ ಫೋನಿನ ಗಾಜು ಒಡೆದು ಜೇಡರ ಬಲೆಯಾಗಿದೆ. ಆ ಒಡಕು ಡಬ್ಬಿಯ ಎದುರಿಗೆ ಗ್ರೈಫ್‌ನರ್! ಆನೆಗೂ ಆಡಿಗೂ ಕುಸ್ತಿ ಬಿಟ್ಟ ಹಾಗೆ.

"ಒಪ್ಪಿದೆ," ಎಂದೆ.

"ಒಂದು ಮಾತು. ಮಧ್ಯ ಕಂಪ್ಯೂಟರಿನಲ್ಲಿ ಕೂತು ತಿದ್ದಿ ತೀಡೋ ಹಾಗಿಲ್ಲ. ಹುಟ್ಟುಹಬ್ಬ ಮುಗಿದ ತಕ್ಷಣ ಫೋಟೋ ಕೂತಿರೋ ಅದರ ಚಿಪ್ಪು ನನ್ನ ಕೈಗೆ."

"ಗ್ರೈಫ್‌ನರಿಗೆ ತಿದ್ದುಪಡಿ ಬೇಕಿಲ್ಲ," ಎಂದೆ, ಘನಗಂಭೀರವಾಗಿ.

ಇನ್ನು ನನ್ನ ಅತ್ತೆ ರೋಸ್ವಿತಾ ಅವರ ವಿಷಯ. ಮೂವತ್ತು ವರ್ಷ ಅಂಚೆ ಕಚೇರಿಯ ಗಾಜಿನ ಹಿಂದೆ ಕೂತು ಇಡೀ ಊರನ್ನು ಸಾಲಿನಲ್ಲಿ ನಿಲ್ಲಿಸಿದವರು. ನಿವೃತ್ತಿಯಾದದ್ದು ಕಚೇರಿಯಿಂದ ಮಾತ್ರ. ಹುಟ್ಟುಹಬ್ಬದ ಹಿಂದಿನ ದಿನ ಯಾರೋ ಪಾಪದವರು ಬಾಯಿತಪ್ಪಿ "ಶುಭಾಶಯ" ಎಂದುಬಿಟ್ಟರು. ಮುಂಚೆ ಹೇಳಿದರೆ ಅಪಶಕುನವೆಂದು ನಮ್ಮಲ್ಲಿ ಮಗುವಿಗೂ ಗೊತ್ತು. ಅತ್ತೆ ಅವರನ್ನು ಬಾಗಿಲಿನಿಂದಲೇ ವಾಪಸು ಕಳಿಸಿ, ಮಾರನೆಯ ದಿನ ಮೊದಲಿನಿಂದ ಬರಲು ಹೇಳಿದರು.

ಆ ದಿನ ಬಂತು. ಹೋಟೆಲಿನ ಹಿತ್ತಲ ತೋಟದಲ್ಲಿ ಉದ್ದನೆಯ ಮೇಜು, ಬಿಳಿ ಬಟ್ಟೆ, ಬೆಣ್ಣೆಕೆನೆಯ ಬಳೆಯಾಕಾರದ ಕೇಕು, ಗಿಣ್ಣಿನ ಕೇಕು, ಹಳದಿ ಬಣ್ಣದ ಮೊಟ್ಟೆಮದ್ಯ. ಇಗರ್ಜಿಯ ಕಹಳೆಯವರು ಬಂದು ಊದಿದರು. ಎಂಬತ್ತಾದವರಿಗೆಲ್ಲ ಕೊಡುವ ಪದ್ಧತಿಯಂತೆ ಉಪನಗರಾಧ್ಯಕ್ಷರು ಹಣ್ಣಿನ ಬುಟ್ಟಿ ಹೊತ್ತು ಬಂದರು. ಇವೆಲ್ಲದರ ನಡುವೆ ನಾನು! ಕುತ್ತಿಗೆಯಲ್ಲಿ ಗ್ರೈಫ್‌ನರ್, ಮೈಮೇಲೆ ಹದಿನಾಲ್ಕು ಜೇಬಿನ ಅಂಗಿ.

ನಾನು ಅಂದು ತೆಗೆದ ಹಾಗೆ ಎಂದೂ ಚಿತ್ರ ತೆಗೆದವನಲ್ಲ. ಬೆಳಕನ್ನು ಕಣ್ಣಳತೆಯಲ್ಲೇ ಲೆಕ್ಕ ಹಾಕಿದೆ. (ಅಳೆಯುವ ಮುಳ್ಳು ಅದರಲ್ಲೂ ಇದೆ. ಅದನ್ನು ನೋಡುವವನು ಗ್ರೈಫ್‌ನರ್ ಹಿಡಿಯಲು ನಾಲಾಯಕ್ಕು.) ಮಂಡಿಯೂರಿದೆ, ಕುರ್ಚಿ ಹತ್ತಿದೆ, ಹೂವಿನ ಪಾತಿಯಲ್ಲಿ ಅಂಗಾತ ಮಲಗಿದೆ. ಅತ್ತೆ ಕೇಕು ಕತ್ತರಿಸಿದ ಕ್ಷಣ, ಕಹಳೆಯವನ ಕೆನ್ನೆ ಉಬ್ಬಿದ ಕ್ಷಣ, ಒಂದನ್ನೂ ಬಿಡಲಿಲ್ಲ. ಆ ಒಡಕು ಫೋನಿನ ಹುಡುಗಿಯೋ, ಒಂದು ಕೈಯಲ್ಲಿ ಕೇಕು ತಿನ್ನುತ್ತ, ಇನ್ನೊಂದು ಕೈಯನ್ನು ಎತ್ತೆತ್ತಲೋ ಚಾಚಿ ಒತ್ತುತ್ತಿದ್ದಳು. ನನಗೆ ಅವಳ ಮೇಲೆ ಕನಿಕರ ಹುಟ್ಟಿತು.

ಎಲ್ಲರೂ ಸಾಲಾಗಿ ನಿಂತು ದೊಡ್ಡ ಚಿತ್ರ ತೆಗೆಯುವಾಗ ಡೆಟ್ಲೆಫ್ ಹಿಂದಿನ ಸಾಲಿನಿಂದ ಕೈ ಎತ್ತಿದ. ಇವನು ಕೊಳಾಯಿ ಕೆಲಸದವನು, ಎಲ್ಲೇ ಹೋದರೂ ಏನೋ ಒಂದು ಸೋರುತ್ತಿದೆ ಎಂಬ ಅನುಮಾನದ ಪ್ರಾಣಿ.

"ಭಾವಾ, ನಿನ್ನ ಕ್ಯಾಮೆರಾ ಮುಂದೆ ಅದೇನೋ..."

"ಡೆಟ್ಲೆಫ್!" ಎಂದೆ, ಕಣ್ಣು ಕೀಳದೆ. "ಈ ಕ್ಯಾಮೆರಾದಲ್ಲಿ ಏನೇನು ಇದೆಯೋ ಅದೆಲ್ಲ ಇರಬೇಕಾದ್ದರಿಂದ ಇದೆ. ಏನೇನು ಇಲ್ವೋ ಅದು ಇರಬಾರದ್ದರಿಂದ ಇಲ್ಲ. ಹೊಟ್ಟೆ ಒಳಗೆ ಎಳ್ಕೋ."

ಅವನು ಹೊಟ್ಟೆಯನ್ನೂ ಮಾತನ್ನೂ ಒಟ್ಟಿಗೇ ಒಳಗೆಳೆದುಕೊಂಡ. ಎಲ್ಲರ ಮುಖದಲ್ಲೂ ಒಂದು ಬಗೆಯ ವಿಚಿತ್ರ ಭಾವನೆ ಕಂಡಿತು. ಗ್ರೈಫ್‌ನರ್ ಎದುರಿಗೆ ಸಾಮಾನ್ಯ ಜನರಿಗೆ ಹಾಗಾಗುವುದು ಸಹಜವೆಂದು ತಿಳಿದೆ.

ಸಂಜೆ ಉಲ್ರೀಕೆ ಚಿಪ್ಪನ್ನು ಲಕೋಟೆಗೆ ಹಾಕಿ, ಅಂಟಿಸಿ, ಕಾಫಿಪುಡಿ ಡಬ್ಬಿಯೊಳಗೆ ಇಟ್ಟಳು. ವಾರವಿಡೀ ಅವಳು ಕಾಫಿ ಮಾಡುವಾಗ ತನ್ನಷ್ಟಕ್ಕೆ ನಗುತ್ತಿದ್ದದ್ದನ್ನು ಕಂಡೆ. ಸೋಲುವವರು ಧೈರ್ಯಕ್ಕಾಗಿ ಹಾಗೆ ನಗುವುದುಂಟು.

ಭಾನುವಾರ ನಾಲ್ಕಕ್ಕೆ ಸರಿಯಾಗಿ ಅತ್ತೆಯ ಮನೆ. ಎಲ್ಲರೂ ಬೂಟು ಕಳಚಿ, ಅವರು ಕೊಟ್ಟ ಉಣ್ಣೆಯ ಚಪ್ಪಲಿ ಮೆಟ್ಟಿ, ಟೀವಿಯ ಮುಂದೆ ಕೂತೆವು. ಕೇಕು, ಬಿಸಿ ಕಾಫಿ. ನಾನು ದೊಡ್ಡ ಮನಸ್ಸು ಮಾಡಿ, "ಮೊದಲು ಮರೈಕೆದು ಆಗಲಿ," ಎಂದೆ. ಗ್ರೈಫ್‌ನರ್ ಆದ ಮೇಲೆ ಇನ್ಯಾವುದನ್ನೂ ನೋಡಲು ಮನಸ್ಸಾಗದು, ಪಾಪದ ಹುಡುಗಿ ನೊಂದುಕೊಳ್ಳಬಾರದು.

ಮರೈಕೆಯ ಮೊದಲ ಚಿತ್ರ ಬಂತು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ. ಅಷ್ಟು ಸ್ಪಷ್ಟ! ಕೆಂಪು ಹೂವು ಕೆಂಪಾಗಿ, ಹಳದಿ ಮದ್ಯ ಹಳದಿಯಾಗಿ, ಬಣ್ಣಗಳೆಲ್ಲ ನಾಚಿಕೆಯಿಲ್ಲದೆ ಕುಣಿಯುತ್ತಿದ್ದವು. ಅತ್ತೆ ಬಾಯಿ ತೆರೆದು ಕೇಕು ಒಳಗೆ ಹಾಕುತ್ತಿದ್ದರು, ಹಿಂದಿನ ಚಿನ್ನದ ಹಲ್ಲು ಸಮೇತ.

"ಇದೇನೇ ಇದು?" ಎಂದರು ಅತ್ತೆ.

"ಅಜ್ಜೀ, ಸಹಜವಾಗಿ ಬಂದಿದೆ ನೋಡು!" ಎಂದಳು ಮೊಮ್ಮಗಳು.

ಎರಡನೆಯದರಲ್ಲಿ ಅತ್ತೆಯ ಗದ್ದದ ಮೇಲಿನ ಮೂರು ಕೂದಲನ್ನು ಎಣಿಸಬಹುದಿತ್ತು. ಮೂರನೆಯದರಲ್ಲಿ ಉಪನಗರಾಧ್ಯಕ್ಷರ ಭಾಷಣಕ್ಕೆ ಅವರು ನಿದ್ದೆ ಹೋಗಿದ್ದರು. ನಾಲ್ಕನೆಯದು ಬಂತು.

ಅದರಲ್ಲಿ ನಾನಿದ್ದೆ. ಹೂವಿನ ಪಾತಿಯಲ್ಲಿ ಅಂಗಾತ ಮಲಗಿ, ಒಂದು ಕಣ್ಣು ಮುಚ್ಚಿ, ನಾಲಗೆಯ ತುದಿ ಹೊರಗೆ ಚಾಚಿ, ತಪಸ್ಸಿಗೆ ಕೂತ ಮುನಿಯ ಏಕಾಗ್ರತೆಯಲ್ಲಿ ಕ್ಯಾಮೆರಾ ಹಿಡಿದಿದ್ದೆ. ಕ್ಯಾಮೆರಾದ ಲೆನ್ಸಿನ ಮೇಲೆ ಮುಚ್ಚಳವಿತ್ತು.

ಮುಚ್ಚಳ ಎಂದರೆ ಮುಚ್ಚಳ. ದುಂಡನೆಯ, ಕಪ್ಪನೆಯ, ಭದ್ರವಾಗಿ ಕೂತ ಮುಚ್ಚಳ.

"ಅದೇ! ಅದನ್ನೇ ಅವತ್ತು ಹೇಳೋಕೆ ಬಂದೆ!" ಎಂದು ಡೆಟ್ಲೆಫ್ ತೊಡೆ ತಟ್ಟಿದ. ಮರೈಕೆ ಬೆರಳಾಡಿಸಿ ಚಿತ್ರವನ್ನು ಹಿಗ್ಗಿಸಿದಳು. ಆ ದರಿದ್ರ ಒಡಕು ಫೋನು ಎಷ್ಟು ಚೆನ್ನಾಗಿ ತೆಗೆದಿತ್ತೆಂದರೆ ಮುಚ್ಚಳದ ಮೇಲಿನ ಚಿನ್ನದ ಸಿಂಹದ ರೆಕ್ಕೆಯ ಗರಿಗರಿಯೂ ಕಾಣುತ್ತಿತ್ತು. ಕೆಳಗೆ 'ಗ್ರೈಫ್‌ನರ್' ಎಂಬ ಅಕ್ಷರಗಳನ್ನು ಕನ್ನಡಕವಿಲ್ಲದೆ ಓದಬಹುದಿತ್ತು. ಎಲ್ಲ ಕಡೆ ಟೇಪು ಹಚ್ಚಿದ್ದ ನಾನು ಅದೊಂದನ್ನು ಬಿಟ್ಟಿದ್ದೆ.

ಬೇರೆ ಯಾವ ಕ್ಯಾಮೆರಾ ಆಗಿದ್ದರೂ ಕಣ್ಣಿಟ್ಟ ಕೂಡಲೇ ಕತ್ತಲೆ ಕಾಣುತ್ತದೆ, ತಪ್ಪು ತಿಳಿಯುತ್ತದೆ. ಗ್ರೈಫ್‌ನರಿನಲ್ಲಿ ಹಾಗಲ್ಲ. ನೋಡುವ ಕಿಂಡಿ ಒಂದು ಕಡೆ, ಲೆನ್ಸು ಇನ್ನೊಂದು ಕಡೆ. ಕಿಂಡಿಯಲ್ಲಿ ಜಗತ್ತು ಬೆಳಗುತ್ತಿರುತ್ತದೆ. ಹಿಂದೆ ಪರದೆಯಿದ್ದಿದ್ದರೆ ಒಂದೇ ಸಲ ಇಣುಕಿದರೂ ಗೊತ್ತಾಗುತ್ತಿತ್ತು. ಪರದೆ ಇರದೇ ಇರಲೆಂದು ಹೆಚ್ಚಿಗೆ ದುಡ್ಡು ಕೊಟ್ಟವನು ನಾನೇ.

"ಉಲ್ರೀಕೆ," ಎಂದೆ, "ನಿನಗೆ ಕಾಣಿಸ್ಲಿಲ್ವಾ?"

"ಕಾಣಿಸ್ತು," ಎಂದಳು ಕಾಫಿ ಕಲಕುತ್ತ. "ಬಣ್ಣ ತೆಗೆಯದೇ ಇದ್ರೆ ಒಂದು ಬೆಲೆ, ಫೋಟೋ ತೋರಿಸದೇ ಇದ್ರೆ ಅದಕ್ಕಿಂತ ಜಾಸ್ತಿ ಬೆಲೆ ಅಂತ ನೀನೇ ಪಾಠ ಮಾಡಿದ್ದೆ. ಫೋಟೋನೇ ತೆಗೆಯದೇ ಇರೋದು ಎಲ್ಲಕ್ಕಿಂತ ದುಬಾರಿ ಇರಬೇಕು ಅಂದ್ಕೊಂಡು ಸುಮ್ನಿದ್ದೆ."

ಆದರೂ ಆಸೆ ಸಾಯುವುದಿಲ್ಲ. ಎಲ್ಲೋ ಒಂದೆರಡು ಸಲವಾದರೂ ಮುಚ್ಚಳ ತೆಗೆದಿದ್ದೇನೇನೋ! ಉಲ್ರೀಕೆ ತಂದಿದ್ದ ಲಕೋಟೆ ಹರಿದು ಚಿಪ್ಪನ್ನು ಟೀವಿಗೆ ಹಾಕಿದೆ. ಟೀವಿ ಕಪ್ಪಾಯಿತು. ಮುಂದಿನದು ಒತ್ತಿದೆ, ಕಪ್ಪು. ಮತ್ತೂ ಒತ್ತಿದೆ, ಕಾಫಿಪುಡಿ ಚೆಲ್ಲಿದಂಥ ಕಪ್ಪು. ಟೀವಿಯ ಗಾಜಿನಲ್ಲಿ ಸಾಲಾಗಿ ಕೂತ ನಮ್ಮದೇ ಮುಖಗಳು ಕಾಣುತ್ತಿದ್ದವು, ನಡುವೆ ನನ್ನದು ಪೆಚ್ಚಾಗಿ.

"ಕಪ್ಪು ಬಿಳುಪು ಅಂತ ನೀನು ಅಂದಿದ್ದೆ," ಎಂದರು ಅತ್ತೆ, ಕನ್ನಡಕ ಸರಿಮಾಡಿಕೊಂಡು. "ಕಪ್ಪು ಬಂತು. ಬಿಳುಪು ಯಾವಾಗ ಬರುತ್ತೆ?"

ಡೆಟ್ಲೆಫನಿಗೆ ಕಾಫಿ ಮೂಗಿಗೆ ಹತ್ತಿತು. ನಾನು ಟೀವಿ ಆರಿಸಲು ಕೈ ಚಾಚಿದೆ.

"ಕೂತ್ಕೋ!" ಅಂಚೆ ಕಚೇರಿಯ ದನಿ. ಕೂತೆ. "ಇದು ಯಾವಾಗಿಂದು?"

"ಅತ್ತೆ, ಏನೂ ಇಲ್ಲ ಅದರಲ್ಲಿ..."

"ಯಾವಾಗಿಂದು ಅಂತ ಕೇಳಿದೆ."

"ಇದು... ನೀವು ಕೇಕು ಕತ್ತರಿಸಿದ್ದು."

ಅತ್ತೆ ತಲೆ ಓರೆ ಮಾಡಿ ಆ ಕತ್ತಲನ್ನು ಬಹಳ ಹೊತ್ತು ನೋಡಿದರು. "ಚೆನ್ನಾಗಿದೀನಿ," ಎಂದರು. "ಮುಂದಿನದು?"

"ಉಪನಗರಾಧ್ಯಕ್ಷರು ಬುಟ್ಟಿ ಕೊಟ್ಟಿದ್ದು."

"ಇದರಲ್ಲಿ ನಿದ್ದೆ ಮಾಡ್ತಿಲ್ಲ ನಾನು. ಮುಂದೆ."

ಹೀಗೆ ಒಂದೊಂದಾಗಿ ಎಲ್ಲವನ್ನೂ ನನ್ನ ಬಾಯಲ್ಲಿ ಹೇಳಿಸಿದರು. ನಾನು ಹೇಳುತ್ತ ಹೋದೆ, ಅವರು ತಲೆದೂಗುತ್ತ ಹೋದರು. ಕಹಳೆಯವರು, ಸಾಲಾಗಿ ನಿಂತ ಬಂಧುಗಳು, ಸಂಜೆಯ ಕುಣಿತ. ಕೊನೆಯ ಕಪ್ಪು ಮುಗಿದ ಮೇಲೆ ಅವರು ತಟ್ಟೆಯನ್ನು ಬದಿಗಿಟ್ಟು ಮೊಮ್ಮಗಳ ಕಡೆ ತಿರುಗಿದರು.

"ಎಂಬತ್ತು ವರ್ಷ ಈ ಫೋಟೋದವರ ಕೈಗೆ ಸಿಗದ ಹಾಗೆ ತಪ್ಪಿಸ್ಕೊಂಡು ಬದುಕಿದೀನಿ. ನೀನು ಒಂದೇ ಮಧ್ಯಾಹ್ನದಲ್ಲಿ ನನ್ನ ಹಲ್ಲು, ಗದ್ದ, ಗೊರಕೆ, ಎಲ್ಲ ಹಿಡಿದುಬಿಟ್ಟಿದೀಯ. ಈಗಲೇ ಅಳಿಸು. ಎಕಾರ್ಟನ ಕ್ಯಾಮೆರಾದಲ್ಲಿ ನನಗೆ ಒಂದು ಸುಕ್ಕೂ ಇಲ್ಲ. ಅವನದೇ ಚೆನ್ನಾಗಿದೆ."

ಉಲ್ರೀಕೆಯ ಕೈಯಿಂದ ಚಮಚ ಬಿತ್ತು. "ಅಮ್ಮಾ! ಅದರಲ್ಲಿ ನೀನೇ ಇಲ್ಲ!"

"ಅದಕ್ಕೇ ಚೆನ್ನಾಗಿರೋದು. ನಾನು ಹೇಳಿದ್ದೇ ತೀರ್ಮಾನ ಅಂತ ನೀನೇ ತಾನೇ ಅಂದಿದ್ದು?"

ನಮ್ಮ ಕಡೆಯವರು ಒಂದು ಸಲ ನಿಯಮ ಮಾಡಿದರೆ ತಲೆ ಬೇಕಾದರೂ ಕೊಡುತ್ತಾರೆ, ನಿಯಮ ಮಾತ್ರ ಬಿಡುವುದಿಲ್ಲ. ಉಲ್ರೀಕೆ ಹಲ್ಲು ಕಚ್ಚಿ, "ಸರಿ. ಕ್ಯಾಮೆರಾ ಇರಲಿ," ಎಂದಳು. ನನಗೆ ನಂಬಲಾಗಲಿಲ್ಲ. ಗೆದ್ದಿದ್ದೆ! ಎದ್ದು ಅತ್ತೆಯ ಕೈಗೆ ಮುತ್ತು ಕೊಡಲು ಹೋದೆ.

"ತಡಿ, ನಂದು ಮುಗಿದಿಲ್ಲ," ಎಂದರು ಅತ್ತೆ. "ಇನ್ಮೇಲೆ ಈ ಮನೆತನದಲ್ಲಿ ಹಬ್ಬ, ಮದುವೆ, ನಾಮಕರಣ, ಏನೇ ಆದ್ರೂ ಫೋಟೋ ತೆಗೆಯೋನು ನೀನೇ. ಇದೇ ಕ್ಯಾಮೆರಾದಲ್ಲಿ, ಇದೇ ಥರ. ಮುಚ್ಚಳಕ್ಕೆ ಕೈ ಹಚ್ಚೀಯ, ಜೋಕೆ! ಮತ್ತೆ, ಕಾರಿಲ್ಲದ ಮನೆ ಅಂತ ನನ್ನ ಮಗಳು ಚೀಲ ಹೊತ್ತು ಗುಡ್ಡ ಹತ್ತೋದನ್ನ ನಾನು ನೋಡಲಾರೆ. ಅದನ್ನೆಲ್ಲ ನೀನೇ ಹೊತ್ತು ಹತ್ತು. ಅಷ್ಟು ಭಾರವಾದ ಕ್ಯಾಮೆರಾ ಹೊತ್ತವನಿಗೆ ಆಲೂಗಡ್ಡೆ ಯಾವ ಲೆಕ್ಕ?"

ಹೊರಡುವಾಗ ಉಲ್ರೀಕೆ ತಾನೇ ನನ್ನ ಅಂಗಿಯ ಹದಿನಾಲ್ಕು ಜೇಬುಗಳಲ್ಲಿ ಅತ್ತೆ ಕೊಟ್ಟ ಉಳಿದ ಕೇಕಿನ ಪೊಟ್ಟಣಗಳನ್ನೂ ಸೇಬುಹಣ್ಣುಗಳನ್ನೂ ತುಂಬಿಸಿದಳು. ಅವಳ ಮುಖದಲ್ಲಿ ಸೋತ ಕಳೆ ಹುಡುಕಿದೆ. ಎಲ್ಲೂ ಸಿಗಲಿಲ್ಲ.

ಅಂದಿನಿಂದ ಹಾಗೇ ನಡೆದಿದೆ. ಮನೆ ಬಿಡುವ ಮುಂಚೆ ಉಲ್ರೀಕೆ ಮುಚ್ಚಳವನ್ನು ಎರಡು ಸಲ ಒತ್ತಿ ನೋಡುತ್ತಾಳೆ. ಮೊನ್ನೆ ಮರೈಕೆಯ ನಿಶ್ಚಿತಾರ್ಥವಾಯಿತು. ವರನ ಕಡೆಯವರು ಹೊಸಬರು, ಗಂಭೀರ ಮುಖದವರು, ಕ್ಯಾಮೆರಾ ಕಂಡರೆ ಬಿಗಿದುಕೊಳ್ಳುವ ಜನ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಾನು ಮಂಡಿಯೂರಿ ಗ್ರೈಫ್‌ನರ್ ಎತ್ತಿದೆ. ಮೊದಲು ವರನ ತಾಯಿ ನನ್ನ ಕ್ಯಾಮೆರಾವನ್ನು ನೋಡಿ ಪಕ್ಕದವರನ್ನು ತಿವಿದರು. ಆಮೇಲೆ ಇಡೀ ಸಾಲು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಿತು. ನನ್ನ ಹಿಂದೆ ನಿಂತ ಡೆಟ್ಲೆಫ್ ತನ್ನ ಫೋನಿನಲ್ಲಿ ಆ ನಗುವನ್ನು ಹಿಡಿದುಕೊಂಡ. ಆ ಚಿತ್ರ ಈಗ ಎರಡೂ ಮನೆಯ ಗೋಡೆಯ ಮೇಲಿದೆ. ಹೇಳಬೇಕಾದ್ದನ್ನು ಹೇಳಲೇಬೇಕು: ಯಾವ ಅಗ್ಗದ ಕ್ಯಾಮೆರಾದ ಮುಂದೆಯೂ ಜನ ಅಷ್ಟು ಮನಸಾರೆ ನಗುವುದಿಲ್ಲ. ಗ್ರೈಫ್‌ನರಿನವರು ಬೆಲೆಯನ್ನು ಸುಮ್ಮನೆ ಇಟ್ಟಿಲ್ಲ.